ಮೇಲಿನ ಬಳೆಗೆ ಕೆಂಪು ದಾರ

ಅಂದು ಬೆಳಿಗ್ಗೆ ಎಲಿಯೇಜರ್ ಹೈಲಿಗರ್‌ಗೆ ಮೊದಲ ಸಲ ಮೈ ಉರಿದದ್ದು ಬಾವುಟ ಏಳು ನಿಮಿಷ ತಡವಾಗಿ ಏರಿದ್ದಕ್ಕೆ. ಎರಡನೆಯ ಸಲ, ಅದನ್ನು ಏರಿಸಿದ ಸಿಪಾಯಿ ತುಟಿಯಲ್ಲಿ ಸಿಗರೇಟು ಕಚ್ಚಿಕೊಂಡೇ ಹಗ್ಗ ಎಳೆದದ್ದಕ್ಕೆ. ಮೂರನೆಯ ಸಲ ಉರಿಯುವುದಕ್ಕೆ ಮೈಯಲ್ಲಿ ಜಾಗ ಉಳಿದಿರಲಿಲ್ಲ. ಆದರೂ ಬಾವುಟದ ಮೂಲೆ ಅಂಗಳದ ಧೂಳಿಗೆ ತಾಗಿದ್ದು ಕಣ್ಣಿಗೆ ಬಿದ್ದಾಗ ಅವನು ಕೈಯಲ್ಲಿದ್ದ ಪೊರಕೆಯನ್ನು ಕೋಟೆಯ ಕೆಂಪು ಗೋಡೆಗೆ ಒರಗಿಸಿ, ನೆಟ್ಟಗೆ ಸಾರ್ಜೆಂಟ್ ಡೋಲನ್‌ನ ಕೋಣೆಗೆ ನಡೆದ.

"ಗುಡ್ ಮಾರ್ನಿಂಗ್, ಸಾರ್ಜೆಂಟ್," ಎಂದ. ಎಷ್ಟೇ ಸಿಟ್ಟಿರಲಿ, ಅದನ್ನು ಹೇಳದೆ ಮಾತು ಶುರುಮಾಡುವವರು ನಮ್ಮೂರು ಫ್ರೆಡೆರಿಕ್‌ಸ್ಟೆಡ್‌ನಲ್ಲಿ ಇಲ್ಲ. ಸಾಲ ಕೇಳುವುದಕ್ಕೂ, ಬೈಯುವುದಕ್ಕೂ, ಸಾವಿನ ಸುದ್ದಿ ಹೇಳುವುದಕ್ಕೂ ಮುಂಚೆ ಅದೊಂದು ಆಗಬೇಕು.

ಡೋಲನ್ ತಲೆಯೆತ್ತದೆ ಗಡ್ಡ ಹೆರೆದುಕೊಳ್ಳುತ್ತಲೇ ಇದ್ದ. "ಇವತ್ತೇನಪ್ಪಾ ತಕರಾರು?"

"ಏಳು ನಿಮಿಷ ತಡ ಸಾರ್. ಮೊನ್ನೆ ನಾಲ್ಕು ನಿಮಿಷ. ಭಾನುವಾರ ಅಂತೂ ಇಳಿಸೋದನ್ನೇ ಮರೆತುಬಿಟ್ರು. ಇಡೀ ರಾತ್ರಿ ಮಳೇಲಿ ನೆನೀತು ಅದು."

"ಯಾಕೆ, ಬಾವುಟಕ್ಕೆ ನೆಗಡಿ ಆಯ್ತಾ?"

"ಅದು ನಿಮ್ಮದೇ ಬಾವುಟ ಸಾರ್. ನಾನು ಹೇಳ್ಬೇಕಾ ನಿಮಗೆ?"

"ಹೇಳ್ಬೇಡ. ನಿನ್ನನ್ನ ಇಟ್ಕೊಂಡಿರೋದು ಪೊರಕೆ ಹಿಡಿಯೋದಕ್ಕೆ. ಗಡಿಯಾರ ಹಿಡಿಯೋದಕ್ಕಲ್ಲ. ಹೋಗು."

ಹೈಲಿಗರ್ ಹಲ್ಲು ಕಡಿದುಕೊಂಡು ಹೊರಗೆ ಬಂದ. ಹೇಳುವುದು ನ್ಯಾಯವೇ ಆಗಿದ್ದರೂ ಕೇಳುವವರಿಲ್ಲದಿದ್ದರೆ ಮನುಷ್ಯ ಹುಚ್ಚನಂತೆ ಕಾಣುತ್ತಾನೆ. ಏಳು ತಿಂಗಳಿಂದ ಅವನು ಹಾಗೆಯೇ ಕಾಣುತ್ತಿದ್ದ.

ಅದಕ್ಕೆ ಮುಂಚೆ ಅವನನ್ನು ಹುಚ್ಚ ಎಂದವರಿಲ್ಲ. ನಲವತ್ತೊಂದು ವರ್ಷ ಈ ಕೋಟೆಯ ಕಂಬಕ್ಕೆ ಆಗಿನ ದೊರೆಗಳಾದ ಡೇನರ ಬಾವುಟ ಏರಿಸಿದವನು, ಇಳಿಸಿದವನು ಅವನೇ. ಚರ್ಚಿನ ಗಂಟೆ ಎಂಟು ಹೊಡೆಯಲು ಶುರುಮಾಡುವುದಕ್ಕೂ ಅವನ ಬಾವುಟ ಬಿಚ್ಚಿಕೊಳ್ಳುವುದಕ್ಕೂ ನಡುವೆ ಒಂದು ಉಸಿರಿನಷ್ಟೂ ಅಂತರ ಇರುತ್ತಿರಲಿಲ್ಲ. ಗಂಟೆಯೇ ಅವನನ್ನು ನೋಡಿಕೊಂಡು ಹೊಡೆಯುತ್ತದೆ ಎಂದು ಮೀನಿನ ಕಟ್ಟೆಯ ಹೆಂಗಸರು ತಮಾಷೆ ಮಾಡುತ್ತಿದ್ದರು. ಕೆಂಪು ಬಟ್ಟೆಯ ಮೇಲೆ ಬಿಳಿ ಶಿಲುಬೆ, ತುದಿಯಲ್ಲಿ ಎರಡು ಬಾಲವಾಗಿ ಸೀಳಿದ ಬಾವುಟ. ಅಂಗಡಿಯವರು ಬೇಕಾದರೆ ಸೀಳದೆ ಇರುವ ಬಾವುಟವನ್ನು ಹಾರಿಸಬಹುದಿತ್ತು. ಸೀಳುಬಾಲದ್ದು ರಾಜನದು, ಕೋಟೆಯದು. ಹೀಗಾಗಿ ಅದನ್ನು ಮುಟ್ಟುವ ಕೈಗೂ ಊರಿನಲ್ಲಿ ಒಂದು ತೂಕವಿತ್ತು. ದಾರಿಯಲ್ಲಿ ಹೋದರೆ ಹತ್ತು ಕಡೆಯಿಂದ "ಗುಡ್ ಮಾರ್ನಿಂಗ್ ಮಿಸ್ಟರ್ ಹೈಲಿಗರ್" ಕೇಳುತ್ತಿತ್ತು.

ಮಾರ್ಚ್ ಕೊನೆಯ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ ಡೇನರು ನಮ್ಮ ಮೂರು ದ್ವೀಪಗಳನ್ನೂ ಅಮೆರಿಕದವರಿಗೆ ಒಪ್ಪಿಸಿಬಿಟ್ಟರು. ಕೊನೆಯ ಸಲ ಬಾವುಟ ಇಳಿಸಿದವನು ಹೈಲಿಗರ್. ಡೇನ್ ಅಧಿಕಾರಿ ಅದನ್ನು ಮಡಿಸಿ ಟ್ರಂಕಿನೊಳಗೆ ಇಟ್ಟು, ಅವನ ಕೈಕುಲುಕಿದ. ನಲವತ್ತೊಂದು ವರ್ಷದಲ್ಲಿ ಒಬ್ಬ ಅಧಿಕಾರಿ ಅವನ ಕೈಕುಲುಕಿದ್ದು ಅದೇ ಮೊದಲು, ಅದೂ ಹಡಗು ಹತ್ತುವ ಅವಸರದಲ್ಲಿ. ಮಾರನೆಯ ವಾರ ಹೊಸಬರ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಗುಡಿಸುವವನು' ಎಂದು ಬರೆದಿದ್ದರು. ಕಂಬ ಸಿಪಾಯಿಗಳ ಪಾಲಾಯಿತು.

ಅವನಿಗೆ ಡೇನರ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅಮೆರಿಕದವರ ಮೇಲೆ ದ್ವೇಷವೂ ಇರಲಿಲ್ಲ. ಅವನಿಗೆ ಬೇಕಾದದ್ದು ಕಂಬ. ಹಗ್ಗ ಮತ್ತೆ ಕೈಗೆ ಬರಬೇಕು. ಯಾರದಾದರೂ ಇರಲಿ, ಬಾವುಟ ಎಂಟು ಗಂಟೆಗೆ ಸರಿಯಾಗಿ ಏರಬೇಕು. ಈ ಆಸೆಯನ್ನು ಅವನು ಹೆಂಡತಿಯೊಬ್ಬಳ ಹತ್ತಿರವೇ ಹೇಳಿಕೊಂಡಿದ್ದ. ಅವಳು ಆಗಲೇ ಅದನ್ನು ಕೇಳಿ ಕೇಳಿ ಸೋತಿದ್ದಳು.

ಆ ಬೆಳಗಿನ ಜಗಳವಾದ ಕೆಲವೇ ದಿನಕ್ಕೆ, ಅಕ್ಟೋಬರ್ ಕೊನೆಯಲ್ಲಿ, ಕೋಟೆಗೆ ಮೂಳೆ ಮುರಿಯುವ ಜ್ವರ ಬಂತು. ಹನ್ನೆರಡು ಸಿಪಾಯಿಗಳಲ್ಲಿ ಒಂಬತ್ತು ಮಂದಿ ಹಾಸಿಗೆ ಹಿಡಿದರು. ಅದೇ ಹೊತ್ತಿಗೆ ದಂಡೆಯಾಚೆ ಒಂದು ಯುದ್ಧದ ಹಡಗು ಬಂದು ಲಂಗರು ಹಾಕಿತು. ಕಮಾಂಡರ್ ಎರಡು ದಿನ ಇದ್ದು ಕೋಟೆಯನ್ನು ತಪಾಸಣೆ ಮಾಡುತ್ತಾನಂತೆ. ಡೋಲನ್ ತಲೆಯ ಮೇಲೆ ಕೈಹೊತ್ತು ಕೂತಿದ್ದವನು ಹೈಲಿಗರ್‌ನನ್ನು ಕರೆಸಿದ.

"ನೋಡಯ್ಯ, ನಾಳೆ ಬೆಳಿಗ್ಗೆ ಬಾವುಟ ನೀನೇ ಏರಿಸು. ಹಡಗಿನ ಮೇಲಿಂದ ದುರ್ಬೀನು ಹಾಕ್ಕೊಂಡು ನೋಡ್ತಿರ್ತಾರೆ. ಸರಿಯಾಗಿ ಮಾಡಿದ್ರೆ ಮುಂದಕ್ಕೂ ನಿನಗೇ ಬಿಡ್ತೀನಿ. ನಿನ್ನ ಗಡಿಯಾರದ ಪುರಾಣ ಕೇಳೋದಾದ್ರೂ ತಪ್ಪುತ್ತೆ."

"ನಿಮ್ಮವರ ಹಾಗೆ ಏರಿಸ್ಬೇಕಾ, ನನ್ನ ಹಾಗೆ ಏರಿಸ್ಬೇಕಾ ಸಾರ್?"

"ಮೇಲೆ ಹೋದ್ರೆ ಸಾಕು ಮಾರಾಯ, ನಿನಗೆ ಹೇಗೆ ಬೇಕೋ ಹಾಗೆ ಮಾಡು."

ಹೈಲಿಗರ್‌ನ ರೀತಿಯೇ ಬೇರೆ. ಹಿಂದಿನ ಸಂಜೆಯೇ ಬಾವುಟವನ್ನು ಉದ್ದಕ್ಕೆ ಮಡಿಸಿ, ಬಿಗಿಯಾಗಿ ಸುರುಳಿ ಸುತ್ತಿ, ತೆಳ್ಳನೆಯ ದಾರದಿಂದ ಒಂದು ಸುತ್ತು ಕಟ್ಟಿಡುತ್ತಿದ್ದ. ಬೆಳಿಗ್ಗೆ ಆ ಸುರುಳಿ ಕಂಬದ ತುದಿಗೆ ಹೋಗಿ ಸುಮ್ಮನೆ ಕೂರುವುದು. ಗಂಟೆಯ ಮೊದಲ ಏಟಿಗೆ ಕೆಳಗಿನಿಂದ ಹಗ್ಗವನ್ನು ಒಂದು ಸಲ ಜಗ್ಗಿದರೆ ದಾರ ಪಟ್ ಎಂದು ಕಿತ್ತು, ಇಡೀ ಬಾವುಟ ಗಾಳಿಗೆ ಒಮ್ಮೆಗೇ ಬಿಚ್ಚಿಕೊಳ್ಳುವುದು. ಇವರ ಸಿಪಾಯಿಗಳು ಒದ್ದೆ ಬಟ್ಟೆ ಒಣಹಾಕಿದಂತೆ ಏರಿಸುವುದನ್ನು ನೋಡಿ ನೋಡಿ ಅವನ ಕಣ್ಣು ನೊಂದಿತ್ತು.

ಸಂಜೆ ಬಾವುಟವನ್ನು ಮನೆಗೇ ತಂದ. ಅಂಚು ಗಾಳಿಗೆ ಪಿಸಿದು ಎಳೆ ಎಳೆಯಾಗಿತ್ತು. ಹೆಂಡತಿ ಪೆಟ್ರೊನೆಲ್ಲಾ ಒಲೆಯ ಮೇಲಿನ ಜಾನಿಕೇಕ್ ಎಂಬ ಕರಿದ ರೊಟ್ಟಿಯ ಬಾಣಲೆಯನ್ನು ಕೆಳಗಿಳಿಸಿ, ಕೈ ತೊಳೆದು ಸೂಜಿ ಹಿಡಿದಳು. ಬೆಳಿಗ್ಗೆ ಕೋಟೆಯ ಬಾಗಿಲಲ್ಲಿ ಜಾನಿಕೇಕ್ ಮಾರುವುದು, ಸಂಜೆ ಕೋಟೆಯ ಬಾವುಟದ ಅಂಚು ಹೊಲಿಯುವುದು, ಅವಳಿಗೂ ಇಪ್ಪತ್ತು ವರ್ಷದ ಅಭ್ಯಾಸ. ನಮ್ಮ ಗಾಳಿ ಬಾವುಟವನ್ನು ತುದಿಯಿಂದ ತಿನ್ನುತ್ತದೆ. ಹರಿದಷ್ಟನ್ನು ಕತ್ತರಿಸಿ ಹೊಸದಾಗಿ ಅಂಚು ಹಾಕಬೇಕು.

"ಅಬ್ಬಬ್ಬಾ, ಎಷ್ಟೊಂದು ನಕ್ಷತ್ರ!" ಎಂದಳು. "ಹೈಲಿಗರ್, ಇಲ್ಲಿ ನೋಡು. ಹಗ್ಗಕ್ಕೆ ಸಿಕ್ಕಿಸೋ ಈ ಎರಡು ಹಿತ್ತಾಳೆ ಬಳೆ ಒಂದೇ ಥರ ಇವೆ. ಮೇಲಿಂದು ಯಾವುದು ಅಂತ ಗೊತ್ತಾಗೋ ಹಾಗೆ ಒಂದು ಕೆಂಪು ದಾರ ಕಟ್ಟಿಕೊಡ್ಲಾ?"

"ಯಾಕೆ?"

"ನೀನು ಸುರುಳಿ ಸುತ್ತಿಬಿಟ್ರೆ ಹೊರಗೆ ಕಾಣೋದು ಬಳೆ ಮಾತ್ರ. ಅದಕ್ಕೆ."

"ನಲವತ್ತೊಂದು ವರ್ಷ ಬಾವುಟ ಏರಿಸಿದವನಿಗೆ ದಾರದ ಗುರುತು ಬೇಕಾ? ಎಳೇ ಮಗು ಕಾಲಿಗೆ ಕಟ್ಟೋ ಹಾಗೆ? ನೀನು ಹೊಲಿ. ಏರಿಸೋದು ನನಗೆ ಬಿಡು."

"ಬಿಟ್ಟೆ ಕಣಯ್ಯಾ. ಒಳ್ಳೇದಕ್ಕೆ ಹೇಳಿದ್ರೆ ಮೂಗಿನ ತುದೀಲೇ ಸಿಟ್ಟು ನಿನಗೆ."

ಅವನು ಸುರುಳಿ ಸುತ್ತಿದ. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು. ಏಳು ತಿಂಗಳಾದ ಮೇಲೂ ಬೆರಳಿಗೆ ಏನೂ ಮರೆತಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು. ಬೆರಳಿಗೆ ಗೊತ್ತಿದ್ದದ್ದು ಹಳೆಯ ಬಾವುಟ ಎನ್ನುವುದು ಮಾತ್ರ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಊರಿಗೆ ಊರೇ ಕೋಟೆಯ ಮುಂದೆ ನಿಂತಿತ್ತು. ಹೈಲಿಗರ್ ಮತ್ತೆ ಕಂಬದ ಹತ್ತಿರ ಬರುತ್ತಾನೆಂದು ಮೀನಿನ ಕಟ್ಟೆಯಿಂದ ಸುದ್ದಿ ಹಬ್ಬಿತ್ತು. ಅವನು ಮದುವೆಯ ಕಪ್ಪು ಕೋಟು ಹಾಕಿಕೊಂಡಿದ್ದ. ಕೊಂಡಿಗೆ ಬಳೆ ಸಿಕ್ಕಿಸಿದ, ಸುರುಳಿಯನ್ನು ತುದಿಗೆ ಏರಿಸಿದ, ಹಗ್ಗ ಹಿಡಿದು ನಿಂತ. ಗಂಟೆಯ ಮೊದಲ ಏಟು ಬಿತ್ತು. ಜಗ್ಗಿದ.

ದಾರ ಕಿತ್ತಿತು. ಬಾವುಟ ಒಮ್ಮೆಗೇ ಬಿಚ್ಚಿಕೊಂಡಿತು. ಅಷ್ಟು ಚೆಂದವಾಗಿ ಅದು ಆ ಕಂಬದ ಮೇಲೆ ಎಂದೂ ಬಿಚ್ಚಿಕೊಂಡಿರಲಿಲ್ಲ. ಜನ ಒಂದೇ ದನಿಯಲ್ಲಿ "ಓಹ್" ಎಂದರು. ಆ ದನಿ ಕೇಳಿ ಹೈಲಿಗರ್‌ನ ಎದೆ ಉಬ್ಬಿತು.

ಆಮೇಲೆ ಜನ ಸುಮ್ಮನಾದರು. ಅವನು ಕತ್ತೆತ್ತಿ ನೋಡಿದ. ನಕ್ಷತ್ರಗಳಿದ್ದ ನೀಲಿ ಚೌಕ ಕೆಳಗೆ ನೇತಾಡುತ್ತಿತ್ತು. ಬಾವುಟ ತಲೆಕೆಳಗಾಗಿತ್ತು.

ಅವನ ಕೈಗಳು ಹಗ್ಗದ ಮೇಲೆ ಹಾಗೆಯೇ ನಿಂತುಬಿಟ್ಟವು. ಡೇನರ ಆ ಕೆಂಪು ಬಾವುಟಕ್ಕೆ ಯಾವ ಬಳೆ ಮೇಲಿದ್ದರೂ ಒಂದೇ ಆಗಿತ್ತು. ಶಿಲುಬೆ ಹೇಗಿಟ್ಟರೂ ಶಿಲುಬೆಯೇ. ನಲವತ್ತೊಂದು ವರ್ಷದಲ್ಲಿ ಮೇಲೆ ಯಾವುದು ಎಂದು ಒಂದು ದಿನವೂ ಅವನು ನೋಡಿರಲಿಲ್ಲ, ನೋಡುವ ಅಗತ್ಯವೇ ಬಿದ್ದಿರಲಿಲ್ಲ.

ಅವನು ಇಳಿಸಲು ಶುರುಮಾಡುವಷ್ಟರಲ್ಲಿ ಹಡಗಿನಿಂದ ಎರಡು ದೋಣಿಗಳು ಹೊರಟಾಗಿತ್ತು. ತಲೆಕೆಳಗಾದ ಬಾವುಟವೆಂದರೆ ಅವರಲ್ಲಿ 'ಅಪಾಯದಲ್ಲಿದ್ದೇವೆ, ಬನ್ನಿ' ಎಂದು ಕೂಗಿದಂತೆ. ಬಂದೂಕು ಹಿಡಿದ ಇಪ್ಪತ್ತು ಜನ, ಜೊತೆಗೊಬ್ಬ ವೈದ್ಯ ಮರಳಿನ ಮೇಲೆ ಹಾರಿ ಕೋಟೆಯೊಳಗೆ ನುಗ್ಗಿದರು. ಒಳಗೆ ಒಂಬತ್ತು ಜನ ಜ್ವರದಲ್ಲಿ ನರಳುತ್ತಿದ್ದರು, ಡೋಲನ್ ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಹೊರಗೆ ಯಾರೋ ಕಿಸಕ್ಕನೆ ನಕ್ಕರು. ನಗು ಹರಡಿತು. ಗುಂಪಿನ ಹಿಂದಿನಿಂದ ಒಂದು ಗಂಡುದನಿ ಕೂಗಿತು: "ಸರಿಯಾಗೇ ಹೇಳಿದ್ದೀರಿ ಮಿಸ್ಟರ್ ಹೈಲಿಗರ್! ನಾವೆಲ್ಲ ಅಪಾಯದಲ್ಲೇ ಇದ್ದೀವಿ!"

ಚಪ್ಪಾಳೆ ಬಿತ್ತು. ಹೈಲಿಗರ್‌ಗೆ ನೆಲ ಬಾಯ್ದೆರೆದು ನುಂಗಿದರೂ ಸಾಕೆನಿಸಿತು.

ಕಮಾಂಡರ್ ಅವನನ್ನು ಕೂರಿಸಲಿಲ್ಲ. "ಯಾರು ಹೇಳ್ಕೊಟ್ಟಿದ್ದು? ಕೂಲಿ ಸಂಘದವರಾ? ನಮ್ಮ ಮೇಲೆ ಯುದ್ಧಕ್ಕೆ ನಿಂತಿರೋ ಜರ್ಮನ್ನರಾ?"

"ಯಾರೂ ಇಲ್ಲ ಸಾರ್. ನನ್ನದೇ ತಪ್ಪು."

"ನಲವತ್ತೊಂದು ವರ್ಷ ಇದೇ ಕೆಲಸ ಮಾಡಿದ್ದೀಯಂತೆ. ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ನಾನು ನಂಬಬೇಕಾ?"

"ಆ ಬಾವುಟಕ್ಕೆ ಮೇಲೆ ಕೆಳಗೆ ಇರಲಿಲ್ಲ ಸಾರ್."

"ಏನು? ನನಗೇ ಎದುರುತ್ತರ ಕೊಡ್ತೀಯಾ?"

"ಎದುರುತ್ತರ ಅಲ್ಲ ಸಾರ್. ಇಲ್ಲಿ ನೋಡಿ." ಹೈಲಿಗರ್ ಮೇಜಿನ ಮೇಲೆ ಬೆರಳಿಂದ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದ. "ಈ ಬಳೆ ಮೇಲಿರಲಿ, ಆ ಬಳೆ ಮೇಲಿರಲಿ, ಗೆರೆ ಇದ್ದಲ್ಲೇ ಇರುತ್ತೆ. ಅದಕ್ಕೇ ನಾನು—"

ಕಮಾಂಡರ್ ಮೇಜಿನ ಕಡೆಗೆ ನೋಡಲೇ ಇಲ್ಲ. ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದ. ಗುಮಾಸ್ತ ಬರೆದದ್ದನ್ನು ಓದಿ ತೋರಿಸಿದ. "'ಬಾವುಟಗಳ ವಿಷಯದಲ್ಲಿ ಏನೂ ತಿಳಿಯದ ಒಬ್ಬ ಗುಡಿಸುವವನಿಂದ ಈ ಘಟನೆ ನಡೆದಿದೆ.'"

ಹೈಲಿಗರ್‌ಗೆ ಮುಖಕ್ಕೆ ಹೊಡೆದಂತಾಯಿತು. "ಸಾರ್, ಅದೊಂದು ಮಾತು ಬದಲಾಯಿಸಿ. ಏನೂ ತಿಳಿಯದವನು ಅಂತ ಬೇಡ. 'ತಪ್ಪಾಯಿತು' ಅಂತ ಬರೀರಿ. ಕೆಲಸ ಗೊತ್ತಿರೋನಿಂದಲೂ ತಪ್ಪಾಗುತ್ತೆ ಸಾರ್. ಅಷ್ಟೇ ಬರೀರಿ."

"ಒಂದೋ ನೀನು ಬೇಕಂತಲೇ ಮಾಡಿದ್ದೀಯ, ಇಲ್ಲ ನಿನಗೆ ಏನೂ ಗೊತ್ತಿಲ್ಲ. ಬೇಕಂತಲೇ ಮಾಡಿದ್ರೆ ಜೈಲು. ಯಾವುದು ಬೇಕು?"

ಡೋಲನ್ ಪಕ್ಕದಲ್ಲಿ ನಿಂತು ಗೋಡೆ ನೋಡುತ್ತಿದ್ದ. ಹೈಲಿಗರ್ ಅವನ ಕಡೆ ಒಮ್ಮೆ ನೋಡಿದ. 'ಇವನು ಗಡಿಯಾರದಂಥ ಮನುಷ್ಯ ಸಾರ್' ಎಂದು ಡೋಲನ್ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಕೊನೆಗೆ ಕಮಾಂಡರ್ ಆಜ್ಞೆ ಮಾಡಿದ: ನಾಳೆ ಇದೇ ಹೊತ್ತಿಗೆ, ಇದೇ ಜನರ ಮುಂದೆ, ಇದೇ ಮನುಷ್ಯ ಬಾವುಟವನ್ನು ನೆಟ್ಟಗೆ ಏರಿಸಬೇಕು. ಊರವರ ನಗು ಅಲ್ಲೇ ನಿಲ್ಲಬೇಕು. ಏರಿಸಿದ ಮೇಲೆ ಇವನು ಕೋಟೆಯೊಳಗೆ ಕಾಲಿಡಕೂಡದು.

ಹೈಲಿಗರ್‌ನ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ. ನಾಳೆ ಮತ್ತೆ ಏರಿಸಬಹುದು. ತಪ್ಪನ್ನು ಸರಿಮಾಡಬಹುದು.

ಇಳಿಸಿದ ಬಾವುಟವನ್ನು ಸುರುಳಿ ಸುತ್ತಲೆಂದು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರೆ ಬಾಗಿಲ ಮುಂದೆ ಹಬ್ಬ. ಒಬ್ಬಳು ಒಂದು ಬೋಗುಣಿ ಕಲಲೂ ಸೊಪ್ಪಿನ ಸಾರು ತಂದಿದ್ದಳು, ಇನ್ನೊಬ್ಬಳು ಒಣಮೀನು. ಗಂಡಸರು ಹ್ಯಾಟು ತೆಗೆದು ನಿಂತಿದ್ದರು. ನಡುವೆ ಆಲ್ರಿಕ್, ಪೆಟ್ರೊನೆಲ್ಲಾಳ ತಂಗಿಯ ಮಗ, ಕಬ್ಬಿನ ಗದ್ದೆಯ ಕೂಲಿಗಳ ಸಂಘದಲ್ಲಿ ಓಡಾಡುವವನು. ಬೆಳಿಗ್ಗೆ ಗುಂಪಿನ ಹಿಂದಿನಿಂದ ಕೂಗಿದ್ದೂ ಅವನೇ.

"ದೊಡ್ಡಪ್ಪ! ನಾವು ಏಳು ತಿಂಗಳಿಂದ ಅರ್ಜಿ ಬರೆದು ಬರೆದು ಸತ್ವಿ. ನಾವು ಅವರ ಪ್ರಜೆಗಳೋ ಅಲ್ವೋ, ಅದಕ್ಕೂ ಉತ್ತರ ಇಲ್ಲ. ನೀನು ಒಂದೇ ಸಲ ಜಗ್ಗಿ ಹೇಳಿಬಿಟ್ಟೆ ನೋಡು!"

"ನಾನೇನೂ ಹೇಳಿಲ್ಲ ಕಣೋ. ಅದು ತಪ್ಪಾಗಿದ್ದು."

"ಷ್! ಮೆಲ್ಲಗೆ. ಅದನ್ನ ಹೊರಗೆ ಹೇಳ್ಬೇಡ."

"ಯಾಕೆ ಹೇಳ್ಬಾರದು? ಅದು ತಪ್ಪೇ. ಎರಡೂ ಬಳೆ ಒಂದೇ ಥರ ಇತ್ತು, ನಾನು ನೋಡಲಿಲ್ಲ."

"ಯಾರಿಗೆ ಬೇಕು ದೊಡ್ಡಪ್ಪ ಬಳೆ ಕಥೆ?" ಆಲ್ರಿಕ್ ಅವನ ಭುಜ ಹಿಡಿದ. "ನೀನು ಸುಮ್ನೆ ಇರು, ಅಷ್ಟು ಸಾಕು. ನಾಳೆ ಹೋಗ್ಬೇಡ. ಜ್ವರ ಅಂತ ಮಲಗಿಬಿಡು. ನೀನು ಹೋಗಿ ಅದನ್ನ ನೆಟ್ಟಗೆ ಏರಿಸಿದ್ರೆ ಇಡೀ ಊರಿನ ಮುಖಕ್ಕೆ ಮಸಿ ಬಳಿದ ಹಾಗೆ. ನಮ್ಮ ಕಡೆಯಿಂದ ನೀನೇ ಹೋಗಿ ಕ್ಷಮೆ ಕೇಳಿದ ಹಾಗೆ."

"ನನ್ನ ತಪ್ಪು ನಾನು ಸರಿ ಮಾಡೋದಕ್ಕೆ ಊರಿನ ಮುಖ ಯಾಕೆ ಅಡ್ಡ ಬರುತ್ತೆ?"

"ಈಗ ಅದು ನಿನ್ನ ತಪ್ಪಲ್ಲ ದೊಡ್ಡಪ್ಪ. ನಮ್ಮೆಲ್ಲರದು."

ಹೈಲಿಗರ್‌ಗೆ ತಲೆ ಕೆಟ್ಟುಹೋಯಿತು. ಕೋಟೆಯವರು ಅವನನ್ನು ಪೆದ್ದ ಮಾಡಿದರು, ಊರವರು ವೀರನನ್ನಾಗಿ ಮಾಡಿದರು. ಕೆಲಸ ಬಲ್ಲ ಒಬ್ಬ ಮನುಷ್ಯ ಒಂದು ದಿನ ಎಡವಿದ ಎನ್ನುವಷ್ಟು ಸಣ್ಣ ಸಂಗತಿಯನ್ನು ಒಪ್ಪಿಕೊಳ್ಳಲು ಎರಡೂ ಕಡೆ ಒಬ್ಬನೂ ತಯಾರಿರಲಿಲ್ಲ. ಬಂದವರ ಕೈಗೆ ಅವರವರ ಬೋಗುಣಿ ವಾಪಸ್ಸು ಕೊಟ್ಟು ಬಾಗಿಲು ಹಾಕಿಕೊಂಡ. ಪೆಟ್ರೊನೆಲ್ಲಾ ಆ ಕಲಲೂವನ್ನಾದರೂ ಇಟ್ಟುಕೊಳ್ಳಬಹುದಿತ್ತು ಎಂದುಕೊಂಡಳು.

"ನೀನೇನಂತೀಯ?" ಎಂದು ಅವನೇ ಕೇಳಿದ.

"ನಾನೇನನ್ನಲಿ? ಹೋದ್ರೆ ಊರು ನಮ್ಮನ್ನ ಕೈಬಿಡುತ್ತೆ, ಹೋಗದಿದ್ರೆ ಜೈಲು. ನಾಳೆಯಿಂದ ನನ್ನ ಜಾನಿಕೇಕ್ ಯಾರು ತಗೋತಾರೆ ಅಂತಲೂ ಯೋಚನೆ ಮಾಡಿದ್ದೀಯಾ?"

"ಮಾಡಿಲ್ಲ."

"ಗೊತ್ತು ನನಗೆ."

ಹೊರಗೆ ಇನ್ನೂ ಬಿಸಿಲಿತ್ತು. ಆಲ್ರಿಕ್ ಬೀದಿಯಲ್ಲಿ ಯಾರಿಗೋ ಬೆಳಗಿನ ಕಥೆಯನ್ನು ರೆಕ್ಕೆಪುಕ್ಕ ಕಟ್ಟಿ ಹೇಳುತ್ತಿದ್ದ. ಹೈಲಿಗರ್ ಕಿಟಕಿಯ ಹತ್ತಿರ ನಿಂತು ಅದನ್ನೆಲ್ಲ ಕೇಳಿದ. ಕಥೆಯಲ್ಲಿ ಅವನು ಕಮಾಂಡರ್‌ನ ಮುಖಕ್ಕೆ ಮುಖ ಕೊಟ್ಟು ಏನೇನೋ ಮಾತಾಡಿದ್ದ. ಒಳ್ಳೆಯ ಮಾತುಗಳೇ. ಒಂದೂ ಅವನದಲ್ಲ.

ಅವನು ತಿರುಗಿ, ನೆಲ ನೋಡುತ್ತ ಹೇಳಿದ. "ನೆಲ್ಲಾ, ಆ ಕೆಂಪು ದಾರ ಎಲ್ಲಿದೆ?"

ಅವಳು ಅವನನ್ನು ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ತಾನು ಬೇಡವೆಂದದ್ದನ್ನು ಮತ್ತೆ ಕೇಳಿದವನಲ್ಲ. ಚುಚ್ಚಿ ಒಂದು ಮಾತು ಆಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ನಾಲಿಗೆಯ ತುದಿಗೂ ಬಂದಿತ್ತು. ಅವಳು ನುಂಗಿಕೊಂಡಳು. ಪೆಟ್ಟಿಗೆಯಿಂದ ದಾರದ ಉಂಡೆ ತೆಗೆದು, ಸೂಜಿಗೆ ಪೋಣಿಸಿಕೊಂಡಳು. ನಕ್ಷತ್ರಗಳ ಪಕ್ಕದ ಬಳೆಯ ಬುಡದಲ್ಲಿ ಹತ್ತು ಸುತ್ತು ಸುತ್ತಿ, ಬಿಗಿದು ಗಂಟು ಹಾಕಿದಳು.

ಎರಡನೆಯ ಬೆಳಿಗ್ಗೆ ಜನ ಇನ್ನೂ ಹೆಚ್ಚಾಗಿ ಬಂದಿದ್ದರು. ಗದ್ದೆಗಳಿಂದಲೂ ನಡೆದು ಬಂದಿದ್ದರು. ಅವನು ಮತ್ತೆ ತಲೆಕೆಳಗಾಗಿಯೇ ಏರಿಸುತ್ತಾನೆ ಎಂದು ಅರ್ಧ ಜನ, ಬರುವುದೇ ಇಲ್ಲ ಎಂದು ಉಳಿದ ಅರ್ಧ. ಅವನು ಅದೇ ಕಪ್ಪು ಕೋಟಿನಲ್ಲಿ ಬಂದ. ದಾರಿಯುದ್ದಕ್ಕೂ "ಗುಡ್ ಮಾರ್ನಿಂಗ್ ಮಿಸ್ಟರ್ ಹೈಲಿಗರ್" ಕೇಳಿಸಿತು. ಎಷ್ಟೋ ಮಂದಿ ಎದೆಯ ಮೇಲೆ ಕೈಯಿಟ್ಟು ಹೇಳಿದರು. ಅವನು ಪ್ರತಿಯೊಬ್ಬರಿಗೂ ಉತ್ತರ ಕೊಟ್ಟ, ಆದರೆ ಯಾರ ಕಣ್ಣನ್ನೂ ನೋಡಲಿಲ್ಲ.

ಕೆಂಪು ದಾರದ ಬಳೆಯನ್ನು ಮೇಲಿನ ಕೊಂಡಿಗೆ ಹಾಕಿದ. ಒಮ್ಮೆ ನೋಡಿದ. ಸಾಲದೆಂದು ಬೆರಳಿಂದ ಮುಟ್ಟಿ ನೋಡಿದ. ಸುರುಳಿ ತುದಿಗೆ ಹೋಯಿತು. ಗಂಟೆಯ ಮೊದಲ ಏಟಿಗೆ ಜಗ್ಗಿದ.

ನಕ್ಷತ್ರಗಳು ಮೇಲಿದ್ದವು. ಬಾವುಟ ನೆಟ್ಟಗೆ, ಸರಿಯಾದ ಹೊತ್ತಿಗೆ, ಒಂದು ಸುಕ್ಕೂ ಇಲ್ಲದೆ ಬಿಚ್ಚಿಕೊಂಡು ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೋಟೆಯವರಿಗೆ ಅದು ಶಿಕ್ಷೆ, ಊರವರಿಗೆ ದ್ರೋಹ. ಅದರ ಚೆಂದ ನೋಡಿದವರು ಇಬ್ಬರೇ, ಅವರಲ್ಲೊಬ್ಬಳು ಕೋಟೆಯ ಬಾಗಿಲಲ್ಲಿ ಜಾನಿಕೇಕ್ ತಟ್ಟೆಯ ಮುಂದೆ ಕೂತಿದ್ದಳು. ಆಲ್ರಿಕ್ ನೆಲಕ್ಕೆ ಉಗಿದು ತಿರುಗಿ ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನಡೆದರು. ಹೈಲಿಗರ್ ಹಗ್ಗವನ್ನು ಎಂಟರ ಆಕಾರದಲ್ಲಿ ಸುತ್ತಿ ಕಟ್ಟಿ, ಕಂಬವನ್ನು ವಹಿಸಿಕೊಳ್ಳಲು ಬಂದ ಕೆಂಚುಗೂದಲ ಸಿಪಾಯಿಗೆ ಹೇಳಿದ: "ಈ ಕೆಂಪು ದಾರ ಇದ್ದದ್ದು ಮೇಲೆ. ದಿನಾ ನೋಡಿ ಹಾಕು. ಗೊತ್ತಿದೆ ಅಂತ ನೋಡದೆ ಹಾಕ್ಬೇಡ."

ಡೋಲನ್ ಹತ್ತಿರ ಬಂದು ಬಳೆ ನೋಡಿದ. "ಇದೇನಿದು? ಸರ್ಕಾರಿ ಬಾವುಟಕ್ಕೆ ಯಾರ ಮನೆ ದಾರ? ಇವತ್ತು ಸಂಜೆ ಇಳಿಸಿದಾಗ ಕತ್ತರಿಸಿ ಹಾಕು," ಎಂದು ಸಿಪಾಯಿಗೆ ಹೇಳಿದ. ಹೈಲಿಗರ್ ಬಾಯಿ ತೆರೆದ. ಆದರೆ ಅವನಿಗೆ ಅಲ್ಲಿ ಮಾತಾಡುವ ಹಕ್ಕು ಉಳಿದಿರಲಿಲ್ಲ. ಪೊರಕೆ ಗೋಡೆಗೆ ಒರಗಿಕೊಂಡೇ ಇತ್ತು. ಅದನ್ನೂ ಮುಟ್ಟದೆ ಹೊರಟ.

ಮನೆಯ ತನಕ ಒಬ್ಬರೂ "ಗುಡ್ ಮಾರ್ನಿಂಗ್" ಎನ್ನಲಿಲ್ಲ. ಅವನೇ ಹೇಳಿದ, ಹತ್ತು ಮಂದಿಗೆ, ಒಬ್ಬೊಬ್ಬರ ಹೆಸರು ಹಿಡಿದು. ಮೀನಿನ ಕಟ್ಟೆಯ ಹೆಂಗಸರು ಮೀನು ಎಣಿಸುತ್ತಲೇ ಇದ್ದರು. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಕೋಟೆಯಲ್ಲೂ ಇಲ್ಲ. ಆ ದಿನ ಪೆಟ್ರೊನೆಲ್ಲಾಳ ತಟ್ಟೆಯಲ್ಲಿ ಒಂದು ಜಾನಿಕೇಕೂ ಖರ್ಚಾಗಲಿಲ್ಲ. ಮೂರು ದಿನ ಇಬ್ಬರೂ ಅದನ್ನೇ ತಿಂದರು.

ಒಂಬತ್ತನೆಯ ದಿನ, ಹಡಗು ಹೋಗಿ ವಾರವಾದ ಮೇಲೆ, ಹೈಲಿಗರ್ ಕೋಟೆಯ ಎದುರಿನ ಹುಣಸೆ ಮರದ ಕೆಳಗೆ ಕೂತಿದ್ದ. ಬರಬಾರದೆಂದು ದಿನವೂ ಅಂದುಕೊಂಡು ದಿನವೂ ಬರುತ್ತಿದ್ದ. ಎಂಟು ಹೊಡೆಯಿತು. ಎಂಟು ದಾಟಿ ಐದು ನಿಮಿಷವೂ ಆಯಿತು. ಕೆಂಚುಗೂದಲಿನವನು ಆಕಳಿಸುತ್ತ ಬಂದು ಬಾವುಟ ಏರಿಸಿದ.

ನಕ್ಷತ್ರಗಳು ಕೆಳಗಿದ್ದವು.

ಹೈಲಿಗರ್ ಎದ್ದು ನಿಂತ. ತಾನೇ ತಪ್ಪು ಮಾಡಿದಂತೆ ಮೈ ಬೆವರಿತು. ಈಗ ಕೂಗು ಬೀಳುತ್ತದೆ, ಈಗ ಬಂದೂಕುಗಳು ಬರುತ್ತವೆ ಎಂದು ಕಾದ. ಡೋಲನ್ ಒಳಗಿನಿಂದ ಕಾಫಿ ಲೋಟ ಹಿಡಿದು ಬಂದ, ಕತ್ತೆತ್ತಿ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಏಯ್ ನಿದ್ದೆಬುರುಕ! ಇಳಿಸಿ ತಿರುಗಿಸಿ ಹಾಕು."

"ಅಯ್ಯೋ! ತಪ್ಪಾಯ್ತು ಸಾರ್ಜೆಂಟ್."

"ತಪ್ಪಾಯ್ತು, ಸರಿ. ಯಾರಿಗಾಗಲ್ಲ ಹೇಳು? ಬೇಗ ಹಾಕಿ ಬಾ, ಕಾಫಿ ಆರುತ್ತೆ."

ಬಾವುಟ ಇಳಿಯಿತು, ತಿರುಗಿತು, ಮತ್ತೆ ಏರಿತು. ಮೀನಿನ ಕಟ್ಟೆಯಲ್ಲಿ ಒಬ್ಬರೂ ತಲೆಯೆತ್ತಲಿಲ್ಲ, ಒಬ್ಬರೂ ಕೂಗಲಿಲ್ಲ. ಯಾವ ಗುಮಾಸ್ತನೂ ಏನನ್ನೂ ಬರೆಯಲಿಲ್ಲ. ತಪ್ಪು. ಹೈಲಿಗರ್ ಕಮಾಂಡರ್‌ನನ್ನು ಬೇಡಿದ್ದು ಆ ಒಂದೇ ಮಾತನ್ನು, ಆ ಒಂದು ಮಾತು ಸಿಕ್ಕಿದ್ದರೆ ಅವನಿಗೆ ಕಂಬವೂ ಬೇಕಿರಲಿಲ್ಲ.

ಅವನು ಮನೆಗೆ ಬಂದವನೇ ಹೆಂಡತಿಯ ಹೊಲಿಗೆ ಪೆಟ್ಟಿಗೆ ತೆರೆದು, ಕೆಂಪು ದಾರದ ಉಂಡೆಯನ್ನು ತೆಗೆದು, ಕಿಟಕಿಯಿಂದ ಹಿತ್ತಲಿಗೆ ಬೀಸಿ ಎಸೆದ. ಉಂಡೆ ಪೊದೆಯ ಮೇಲಿಂದ ಉರುಳಿ ಬಿಚ್ಚಿಕೊಳ್ಳುತ್ತ ಹೋಯಿತು. ಪೆಟ್ರೊನೆಲ್ಲಾ ಅವನ ಮುಖ ನೋಡಿ, ಒಲೆಯ ಉರಿ ತಗ್ಗಿಸಿ, ಹಿತ್ತಲಿಗೆ ಹೋದಳು. ಮುಳ್ಳಿನಿಂದ ಎಳೆ ಎಳೆಯಾಗಿ ದಾರ ಬಿಡಿಸಿಕೊಂಡು, ಮತ್ತೆ ಉಂಡೆ ಸುತ್ತಿ ತಂದು ಪೆಟ್ಟಿಗೆಯಲ್ಲಿಟ್ಟಳು.